ಬೀದಿಯಿಲ್ಲದ ಊರು

ಆ ಊರಿಗೆ ಬೀದಿಯೇ ಇರಲಿಲ್ಲವಂತೆ.
ಗೋಡೆಗೆ ಗೋಡೆ ಒತ್ತಿಕೊಂಡ ಮನೆಗಳು, ಬಾಗಿಲಿಲ್ಲ,
ಮಾಳಿಗೆಯ ಮೇಲೆಯೇ ಓಡಾಟ.
ಏಣಿ ಇಳಿದರೆ ಮನೆ, ಏಣಿ ಹತ್ತಿದರೆ ಊರು.
ಒಂಬತ್ತು ಸಾವಿರ ವರ್ಷದ ಹಿಂದಿನ ಮಾತು,
ಕೊನ್ಯಾ ಬಯಲಲ್ಲಿ, ಈ ದಿಬ್ಬ ಇನ್ನೂ ದಿಬ್ಬವಾಗದಿದ್ದಾಗ.

ಶೆರಿಫೆ ಇಲ್ಲಿ ಮಣ್ಣು ಜಾಲಿಸುತ್ತಾಳೆ. ಹದಿನಾಲ್ಕನೇ ಬೇಸಿಗೆ.
ದಿನಗೂಲಿ, ಒಂದು ಹೊತ್ತಿನ ಊಟ, ಮೊಣಕಾಲು ನೋವು.
ಜರಡಿಯಲ್ಲಿ ಉಳಿದದ್ದನ್ನು ಅಂಗೈಗೆ ಸುರಿದು ತೋರಿಸಿದಳು:
ಎರಡು ಗೋಧಿ, ಒಂದು ಮಸೂರ, ಇದ್ದಿಲಿನಷ್ಟು ಕಪ್ಪು.
"ಉಂಡದ್ದು ಕರಗಿತು, ಮಿಕ್ಕಿದ್ದು ಕೊಳೆಯಿತು,
ಸೀದುಹೋದದ್ದು ಮಾತ್ರ ನಮ್ಮ ಪಾಲಿಗೆ ಬಂತು."
ಯಾರದೋ ಸೊಸೆಯ ಮೈಮರೆವು, ಯಾರದೋ ಅತ್ತೆಯ ಬೈಗುಳ.
ಬೈಗುಳ ಇದ್ದಿಲಾಗಲಿಲ್ಲ.

ನನಗೆ ಬೇಕಾಗಿದ್ದುದು ಅದೇ.
ಒಂದೇ ಮಾಳಿಗೆಯ ಮೇಲೆ ಸಾವಿರ ಕಾಲು ನಡೆದಾಗ
ಯಾರ ಹೊಗೆ ಯಾರ ಕಣ್ಣಿಗೆ ಹೋಯಿತು,
ಯಾರ ಆಡು ಯಾರ ಕಾಳಿಗೆ ಬಾಯಿ ಹಾಕಿತು,
ನಡುವೆ ಕೂತು ಬಿಡಿಸಿದವರು ಯಾರು?
ಅರಮನೆ ಸಿಕ್ಕಿಲ್ಲ. ಚಾವಡಿ ಸಿಕ್ಕಿಲ್ಲ.
ದೊಡ್ಡಮನೆ ಎಂಬುದೇ ಸಿಕ್ಕಿಲ್ಲ.
ರಾಜ, ಕಂದಾಯ, ಕೋಟೆ, ಅವೆಲ್ಲ ಆಮೇಲೆ ಬಂದವು.
ಬರಲೇಬೇಕಿತ್ತೆ?
ಜರಡಿಯನ್ನು ಕೇಳಿದರೆ ಜರಡಿ ಅಲುಗುತ್ತದೆ, ಅಷ್ಟೆ.

ಗೋಡೆಯ ಗಾರೆ ಸೀಳಿ ತೋರಿಸಿದರು.
ಬಿಳಿ, ಮಸಿ, ಬಿಳಿ, ಮಸಿ, ಈರುಳ್ಳಿ ಸಿಪ್ಪೆಗಿಂತ ತೆಳು.
ಎಣಿಸಿದೆ. ಅರವತ್ತರ ಹತ್ತಿರ ತಪ್ಪಿತು. ಮತ್ತೆ ಮೊದಲಿಂದ.
ವರ್ಷವಿಡೀ ಒಲೆ ಕರಿ ಮಾಡಿದ್ದನ್ನು
ವರ್ಷಕ್ಕೊಮ್ಮೆ ಯಾರೋ ಬಿಳಿ ಮಾಡಿದ್ದಾರೆ.
ನಾಗರಿಕತೆ ಎಂಬ ತೂಕದ ಮಾತು
ಅಂದಿನಿಂದ ನನ್ನ ಬಾಯಿಗೆ ಸಲೀಸಾಗಿ ಬರುತ್ತಿಲ್ಲ.

ಶೆರಿಫೆಯ ಗಂಡ ದುರ್ಮುಷ್. ಹಾಗೆಂದರೆ ನಿಂತವನು.
ಮೂರು ಕೂಸು ಹೋದಮೇಲೆ ಇದೊಂದಾದರೂ ನಿಲ್ಲಲೆಂದು ಇಟ್ಟ ಹೆಸರು.
ಅವನ ಸಕ್ಕರೆಗೆಡ್ಡೆಯ ಹೊಲದಲ್ಲಿ ಹೋದ ಚಳಿಗಾಲ
ನೆಲ ಬಾಯಿ ಬಿಟ್ಟಿತು,
ದುಂಡಗೆ, ಮಸೀದಿಯ ಮಿನಾರು ಮುಳುಗುವಷ್ಟು ಆಳ.
ಕೆಳಗಿನ ನೀರನ್ನು ಊರೆಲ್ಲ ಹೀರಿತ್ತು, ಮೇಲಿನ ಮಣ್ಣಿಗೆ ಆಸರೆ ತಪ್ಪಿತ್ತು.
ಚಹಾದಂಗಡಿಯಲ್ಲಿ ಪಂಚಾಯಿತಿ. ನಲವತ್ತು ಪಂಪು, ಬಂದವರು ಹನ್ನೊಂದು.
ನಿಲ್ಲಿಸೋಣ ಎಂದರು ಎಲ್ಲರೂ.
ಮೊದಲು ಯಾರು ಎಂದ ಒಬ್ಬ.
ಸಕ್ಕರೆ ಕದಡುವ ಚಮಚದ ಸದ್ದು, ಬಹಳ ಹೊತ್ತು.

ಆ ರಾತ್ರಿ ದುರ್ಮುಷ್ ತನ್ನದನ್ನು ಆರಿಸಿದ.
ಅಂಗಳದಲ್ಲಿ ಕೂತು ಕಿವಿಗೊಟ್ಟ. ಪಕ್ಕದ ಹೊಲದ್ದು ಗುಡುಗುಡು ನಡೆದೇ ಇತ್ತು.
ಎರಡನೇ ರಾತ್ರಿಯೂ.
ಮೂರನೇ ರಾತ್ರಿ ಬೈದುಕೊಂಡು ಎದ್ದ,
ಹೋಗಿ ಸ್ವಿಚ್ಚಿನ ಮೇಲೆ ಕೈಯಿಟ್ಟ.
ಆಚೆಯದು ನಿಂತಿತು.
ಕರೆಂಟು ಹೋಯಿತೋ, ಮನಸ್ಸು ತಿರುಗಿತೋ, ಗೊತ್ತಾಗಲಿಲ್ಲ.
ಒತ್ತಲೂ ಇಲ್ಲ, ತೆಗೆಯಲೂ ಇಲ್ಲ,
ಕೈ ಅಲ್ಲೇ ಇತ್ತು ಎನ್ನುತ್ತಾಳೆ ಶೆರಿಫೆ.

ನಾಳೆ ನಮ್ಮನ್ನು ಜಾಲಿಸುವವರಿಗೆ
ಪಂಪಿನ ಕಬ್ಬಿಣ ಸಿಗುತ್ತದೆ, ಚಮಚ ಸಿಗುತ್ತದೆ,
ಆ ಗುಂಡಿಯಂತೂ ಹುಡುಕದೆಯೇ ಸಿಗುತ್ತದೆ.
ಆ ಕೈ?
ಅವಳು ಜರಡಿ ಕೊಡವಿ
ಇನ್ನೊಂದು ಬುಟ್ಟಿ ಮಣ್ಣು ಸುರಿದುಕೊಂಡಳು.