ಹಗೇವು

ಹಡರ್ಸ್‌ಫೀಲ್ಡಿನ ಸಾಕುಪ್ರಾಣಿ ಅಂಗಡಿಯಲ್ಲಿ
ಮೊಳೆಗೆ ನೇತುಹಾಕಿದ್ದರು ನವಣೆಯ ತೆನೆ,
ಐದರ ಕಟ್ಟಿಗೆ ಎರಡೂವರೆ ಪೌಂಡು.
ಆಯಿ ಇದ್ದಿದ್ದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು:
"ನಾವು ಉಂಡದ್ದನ್ನ ರೊಕ್ಕ ಕೊಟ್ಟು ಇಲಿಗೆ ಹಾಕ್ತೀರೇನ?"
ಇಲಿಯಲ್ಲ ಆಯಿ, ಹ್ಯಾಮ್‌ಸ್ಟರ್.
ಇಲ್ಲ ಅನ್ನುವಷ್ಟೇ ಬಾಲ,
ಎರಡೂ ಗಲ್ಲದೊಳಗೆ ಚೀಲ.

ಹುಟ್ಟಿದ್ದು ಪಕ್ಕದ ಮನೆ ಮೊರೀನಳ ಅಡುಗೆಮನೆಯಲ್ಲಿ.
ಅಂಗಡಿಯಿಂದ ತರುವಾಗಲೇ ತಾಯಿ ಬಸಿರು,
ಯಾರಿಗೂ ಗೊತ್ತಿರಲಿಲ್ಲ.
"ಇದಕ್ಕೀಗ ಏನು ಕೊಡಲಿ?" ಬೇಲಿಯಾಚೆಯಿಂದ ಕೇಳಿದಳು.
ಬಾಣಂತಿಯ ಮಾತು ನನ್ನನ್ನು ಕೇಳಬೇಕೆ?
ಅಂಟಿನ ಉಂಡಿ ನಾಲಿಗೆಯ ತುದಿಗೆ ಬಂದಿತ್ತು,
ಸಿಹಿ ಆಗದೆಂದು ಓದಿಕೊಂಡು ಬಂದು ಹೇಳಿದೆ:
ಬೇಯಿಸಿದ ತತ್ತಿ, ಉಗುರಿನಷ್ಟು, ದಿನಾ.
ಕಾಳು ಎಂದಿಗಿಂತ ಒಂದು ಚಮಚ ಹೆಚ್ಚು.
ಮರಿ ಮುಟ್ಟಬೇಡ, ನಮ್ಮ ವಾಸನೆ ಹತ್ತಿದರೆ
ತಾಯಿಯೇ ತಿಂದುಬಿಡಬಹುದು.
ಅಷ್ಟು ಹೇಳಿ ಇಬ್ಬರೂ
ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಐದನೇ ವಾರ ಒಂದು ನಮ್ಮ ಮನೆಗೆ ಬಂತು.
ಚಿನ್ಮಯಿ ಇಟ್ಟ ಹೆಸರು ಬಟನ್.
ನನ್ನ ಬಾಯಲ್ಲಿ ಗುಂಡಿ.
ಅಂಗಿಗಿರುವುದೂ ಗುಂಡಿ, ನೆಲದಲ್ಲಿರುವುದೂ ಗುಂಡಿ
ಅಂದರೆ ಮಗಳು ನಂಬಲಿಲ್ಲ.
ಕೇಕಿನ ಹಿಟ್ಟು ತೂಗುವ ತಕ್ಕಡಿಯಲ್ಲಿ
ಐವತ್ತೆರಡು ಗ್ರಾಂ ಜೀವ, ಜೊತೆಗೆ ನಡುಕ.
ಗುಳಿಗೆ ನೆನೆಸಿ, ಬೆರಳಲ್ಲಿ ಹಿಸುಕಿ ಇಟ್ಟೆ.
ಮಗಳ ಅನ್ನಪ್ರಾಶನಕ್ಕೂ
ಇಷ್ಟು ಚಿಂತೆ ಮಾಡಿದವಳಲ್ಲ ನಾನು.

ಆಮೇಲೆ ನೋಟುಬುಕ್ಕು.
ದಿನಕ್ಕೆ ಹತ್ತು ಗ್ರಾಂ. ಸೌತೆಕಾಯಿ ಒಂದು ಬಿಲ್ಲೆ.
ಬ್ರೋಕಲಿ, ಗುಬ್ಬಿಯ ತಲೆಯಷ್ಟು.
ಕಿತ್ತಳೆ ಬೇಡ, ಉಳ್ಳಾಗಡ್ಡಿ ಬೇಡ, ಬಳ್ಳೊಳ್ಳಿ ಬೇಡ;
ಈ ಮನೆಯಲ್ಲಿ ಮಡಿಯ ಊಟ ಅವಳೊಬ್ಬಳದೇ.
ಸೂರ್ಯಕಾಂತಿ ವಾರಕ್ಕೆ ಎರಡು ಬೀಜ, ಜಿಡ್ಡು ಹೆಚ್ಚು.
ಶೇಂಗಾ ಇಲ್ಲ. ಕೆಳಗೆ ಎರಡು ಗೀಟು.

ಬೀದಿಯ ದೀಪ ಹತ್ತಿದ ಮೇಲೆ ಏಳುವಳು,
ಇವರು ರಾತ್ರಿ ಬಸ್ಸು ಓಡಿಸಲು ಹೊರಡುವ ಹೊತ್ತಿಗೆ.
ಬಟ್ಟಲಿಗೆ ಬಂದು ಗಲ್ಲ ತುಂಬಿಕೊಂಡು
ಮೈಗಿಂತ ಅಗಲವಾದ ಮುಖ ಹೊತ್ತು
ಮೂಲೆಗೆ ಓಟ.
ಬಟ್ಟಲು ಖಾಲಿ. ನಾನು ಬರೆಯುವೆ: ಉಂಡಳು.

ಒಂದೂವರೆ ವರ್ಷಕ್ಕೆ ಮುದುಕಿ.
ಸೊಂಟದ ಮೇಲೆ ಕೂದಲು ಸವೆದು ಚರ್ಮ ಕಂಡಿತು.
ಕಾಳನ್ನು ಎರಡೂ ಕೈಯಲ್ಲಿ ತಿರುಗಿಸಿ ತಿರುಗಿಸಿ
ಕೆಳಗಿಟ್ಟು ಎಲ್ಲೋ ನೋಡುವಳು.
ಮತ್ತೆ ನೆನೆಸಿದ ಗುಳಿಗೆ. ಮತ್ತೆ ತತ್ತಿಯ ಬಿಳಿ.
ಓಟ್ಸಿನ ಅಂಬಲಿ, ಉಪ್ಪಿಲ್ಲದ್ದು, ಬಾಟಲಿಯ ಮುಚ್ಚಳದಲ್ಲಿ.
ಮೊದಲ ಪುಟ ತೆರೆದಿಟ್ಟುಕೊಂಡು ನಕಲು ಮಾಡಿದೆ,
ತಾರೀಖು ಮಾತ್ರ ಹೊಸದು.

ಫೆಬ್ರವರಿಯ ಒಂದು ಬೆಳಿಗ್ಗೆ
ಅಂಬಲಿಯ ಮೇಲೆ ಕೆನೆ ಕಟ್ಟಿತ್ತು.
ಚಹಾದ ಡಬ್ಬಿಯಲ್ಲಿಟ್ಟು
ಮೊರೀನಳ ಹಿತ್ತಲಿಗೆ ಒಯ್ದೆವು.
ಚಿನ್ಮಯಿ ಶಾಲೆಗೆ ತಡವಾಗಿ ಹೋದಳು.

ಪಂಜರ ತೊಳೆಯಲು ಕಾಗದದ ಚೂರು ಎತ್ತಿದೆ.
ಆ ಒಂದು ಮೂಲೆ ಕದಡಬಾರದೆಂದು ಓದಿದ್ದೆ,
ಕದಡಿರಲಿಲ್ಲ.
ಹಗೇವು!
ನಮ್ಮ ಓಣಿಯಲ್ಲಿ ಅದಕ್ಕೆ ಕಲ್ಲಿನ ಮುಚ್ಚಳ,
ಇಳಿದವನ ಉಸಿರು ಕಟ್ಟುವಷ್ಟು ಆಳ, ತುಂಬ ಬಿಳಿಜೋಳ.
ಇದು ಒಂದು ಗೇಣು. ವಾಸನೆ ಅದೇ,
ಬೆಚ್ಚಗೆ, ಮುಗ್ಗಲು ಮುಗ್ಗಲು.
ಗುಳಿಗೆಗಳು ಅಲ್ಲೇ ಇದ್ದವು, ಹಲ್ಲು ತಾಗದೆ,
ನಾನು ತಿಂಗಳುಗಟ್ಟಲೆ ತೂಗಿ ತೂಗಿ ಹಾಕಿದ ಸಮತೋಲ.
ನವಣೆ ಒಂದು ಕಾಳೂ ಉಳಿದಿರಲಿಲ್ಲ.
ಗಾಜಿಗೆ ಒತ್ತಿ ಜೋಡಿಸಿಟ್ಟಿದ್ದು
ಹುರಿದ ಶೇಂಗಾ, ಸಿಪ್ಪೆ ತೆಗೆದು ಎರಡು ಹೋಳಾಗಿಸಿದ್ದು.
ಹದಿನೇಳು.

ಅಂಗೈಯಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತೆ.
ಶೂಸಿನ ಲಾಡಿ ಬಿಚ್ಚುತ್ತಿದ್ದ ಇವರು ತಲೆ ಎತ್ತಲಿಲ್ಲ.
"ಹೋಗುವಾಗ ಒಂದೊಂದು ಕೊಡ್ತಿದ್ದೆ," ಅಂದರು.
"ಇಬ್ಬರದೂ ರಾತ್ರಿ ಪಾಳಿ."

ತಕ್ಕಡಿ ಇನ್ನೂ ಮೇಜಿನ ಮೇಲೇ ಇತ್ತು.
ಹದಿನೇಳು ಹೋಳು, ಐದು ಗ್ರಾಂ.
ಬರೆದುಕೊಂಡೆ.