ಆರನೆಯವಳು

ಆಗಸ್ಟಿನ ಕೊನೆಯ ಸೋಮವಾರ
ನನ್ನ ಮೇಜಿನ ಮೇಲೆ ಹಳದಿ ಹಾಳೆಗಳ ರಾಶಿ.
ಇನ್ನೂರ ಹದಿನಾಲ್ಕು ಮಕ್ಕಳು, ಇನ್ನೂರ ಹದಿನಾಲ್ಕು ಸಹಿ,
ಕೆಳಗೆ ಅಪ್ಪನದೋ ಅಮ್ಮನದೋ ಇನ್ನೊಂದು.
ಕೆಲವು ಅಪ್ಪಂದಿರ ಅಕ್ಷರ ಮಕ್ಕಳ ಅಕ್ಷರದ್ದೇ ಪಡಿಯಚ್ಚು;
ಕಂಡೂ ಕಾಣದವಳಂತೆ ಫೈಲಿಗೆ ಸೇರಿಸುತ್ತೇನೆ.
ಮಿನ್ನೆಸೋಟಾದ ಈ ಕಬ್ಬಿಣದೂರಲ್ಲಿ
ನನ್ನಪ್ಪನಿಗೂ ಗಣಿಯಲ್ಲಿ ರಾತ್ರಿ ಪಾಳಿ.
ಅವನ ಹೆಸರು ನಾನೇ ಬರೆದಿದ್ದೆ, ಬಾಲ ಸ್ವಲ್ಪ ಉದ್ದ ಬಿಟ್ಟು.

ಹಾಳೆ ಹೇಳುತ್ತದೆ:
ಕುಡಿಯತಕ್ಕದ್ದಲ್ಲ. ಹೊಗೆ, ಆವಿ, ಮಾತ್ರೆ, ಯಾವುದೂ ಕೂಡದು.
ಕುಡಿಯುವವರ ನಡುವೆ ತಿಳಿದೂ ನಿಲ್ಲತಕ್ಕದ್ದಲ್ಲ.
ರಜೆಯಲ್ಲೂ. ಭಾನುವಾರವೂ. ಕೆರೆಯ ಆಚೆ ದಡದಲ್ಲೂ.
ವಾಲಿಬಾಲಿಗೂ ಇದೇ, ಚದುರಂಗಕ್ಕೂ ಇದೇ,
ತುತ್ತೂರಿ ಊದುವವನಿಗೂ,
ನಾಟಕದಲ್ಲಿ ಮರವಾಗಿ ನಿಲ್ಲುವವನಿಗೂ.
ಮೊದಲ ತಪ್ಪಿಗೆ ಎರಡು ವಾರ.
ಬೆಂಚಿನ ಮೇಲೆ ಕೂರಬೇಕು, ಸಮವಸ್ತ್ರ ತೊಡಬಾರದು.

ಇದನ್ನು ಬರೆದವರಿಗೆ ಹದಿನಾರು ಎಂದೂ ಆಗಿರಲಿಲ್ಲವೇನೋ
ಅಂದುಕೊಳ್ಳುವುದುಂಟು.
ಆಮೇಲೆ ನೆನಪಾಗುತ್ತದೆ ಕೌಂಟಿ ರಸ್ತೆಯ ತಿರುವಿನ ಬಿಳಿ ಶಿಲುಬೆ,
ಪ್ರತಿ ಚಳಿಗಾಲ ಅದಕ್ಕೆ ಯಾರೋ ಸುತ್ತುವ
ಹಾಕಿ ತಂಡದ ಮಫ್ಲರು.
ಸುಮ್ಮನಾಗುತ್ತೇನೆ.

ಸೆಪ್ಟೆಂಬರಿನಲ್ಲಿ ಒಂದು ಚಿತ್ರ ಫೋನಿಂದ ಫೋನಿಗೆ ಹಾರಿ
ಕ್ರೀಡಾ ನಿರ್ದೇಶಕ ಹಾಲ್ವರ್ಸನ್ ಕೈಗೆ ಬಂತು.
ದೋಣಿಕಟ್ಟೆ, ಸಂಜೆ, ಐದು ಹುಡುಗಿಯರು, ಐದು ಬಿಯರ್ ಡಬ್ಬಿ,
ನಗು ಎಷ್ಟು ಅಗಲವೆಂದರೆ ಹಲ್ಲಿನ ತಂತಿಯಲ್ಲೂ ಸೂರ್ಯ.
ಒಳ್ಳೆಯ ಚಿತ್ರ. ತೊಂದರೆಯೇ ಅದು, ಮುಖಗಳು ಅಷ್ಟು ನಿಚ್ಚಳ.
ಐದು ಹೆಸರು ನಾನೇ ಟೈಪು ಮಾಡಿದೆ.
ಹೋಮ್‌ಕಮಿಂಗ್ ಪಂದ್ಯಕ್ಕೆ ಹನ್ನೊಂದು ದಿನ.
ಅಪ್ಪಂದಿರು ಬಂದರು, ವಕೀಲರ ಹೆಸರು ಬಂತು,
ಡಬ್ಬಿಯಲ್ಲಿದ್ದದ್ದು ನಿಂಬೆ ಸೋಡಾ ಎಂಬ ಮಾತೂ ಬಂತು.
ಹಾಲ್ವರ್ಸನ್ ಗಡಿಯಾರ ನೋಡುತ್ತ ಕೂತರು.
ಅವರ ಎದೆಯುರಿಗೆ ನನ್ನ ಡ್ರಾಯರಿನ ಮಾತ್ರೆ ಖಾಲಿ.

ಬುಧವಾರ, ಕೊನೆಯ ಗಂಟೆ ಹೊಡೆದ ಮೇಲೆ,
ಟೆಸ್ ಕೊಸ್ಕಿ ಬಾಗಿಲಲ್ಲಿ.
ವಾರ್ಷಿಕ ಸಂಚಿಕೆ ಕ್ಲಬ್ಬಿನವಳು, ಕೊರಳಲ್ಲಿ ಶಾಲೆಯ ಕ್ಯಾಮೆರಾ,
ಮಾತು ಕಡಿಮೆ, ಬೂಟಿನ ದಾರ ಯಾವಾಗಲೂ ಬಿಚ್ಚಿಕೊಂಡೇ.
"ಚಿತ್ರದಲ್ಲಿ ಐದು ಜನ ಇದ್ದಾರಲ್ಲ," ಅಂದಳು,
"ತೆಗೆದದ್ದು ಯಾರು ಅಂತ ಯಾರೂ ಕೇಳಲಿಲ್ಲ."

ನಿಜ. ಹಾಲ್ವರ್ಸನ್ ಕೇಳಿರಲಿಲ್ಲ, ನಾನೂ.
ಆ ಐವರಂತೂ ಬಾಯಿ ಬಿಟ್ಟಿರಲಿಲ್ಲ.
ಅದನ್ನು ಬರೆದುಕೊಳ್ಳಲು ಹಳದಿ ಹಾಳೆಯಲ್ಲಿ ಜಾಗವಿಲ್ಲ.

"ನೀನೂ ಕುಡಿದೆಯಾ?"
"ಅರ್ಧ. ರುಚಿ ಸೇರಲಿಲ್ಲ."
ಅರ್ಧಕ್ಕೆ ಒಂದೇ ವಾರ ಅಂತ ನಿಯಮದಲ್ಲಿಲ್ಲ.
ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟಳು.
ಪಟ್ಟಿ ಕೊರಳಲ್ಲಿ ಬಿಟ್ಟುಹೋದ ಗೆರೆ ಕೆಂಪಗಿತ್ತು.

ಪಂದ್ಯದ ರಾತ್ರಿ. ಜಿಮ್ ತುಂಬ ಪಾಪ್‌ಕಾರ್ನ್ ವಾಸನೆ.
ಬೆಂಚಿನ ತುದಿಯಲ್ಲಿ ಜೀನ್ಸು ತೊಟ್ಟ ಐವರು.
ಕ್ಲಬ್ಬಿನವರಿಗೆ ಬೆಂಚು ಎಲ್ಲಿದೆ?
ನಿಯಮ ಬರೆದವರು ಯೋಚಿಸಿರಲಿಲ್ಲ.
ಗೋಡೆಗೆ ಒರಗಿ ನಿಂತಿದ್ದಳು ಟೆಸ್,
ಖಾಲಿ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ.
ಐವರಲ್ಲೊಬ್ಬಳು, ತಲೆ ಎತ್ತದೆಯೇ, ಪಕ್ಕಕ್ಕೆ ಸರಿದಳು.
ಉಳಿದವರೂ ಸರಿದರು, ಒಂದು ಗೇಣು, ಇನ್ನೊಂದು ಗೇಣು,
ಒಬ್ಬಳು ಕೂರುವಷ್ಟು.

ಕ್ಯಾಮೆರಾ ಅವತ್ತು ನನ್ನ ಕೈಯಲ್ಲಿ.
"ಯಾರಾದರೂ ತೆಗೆಯಬೇಕಲ್ಲ, ಡೊರೀನ್" ಅಂದಿದ್ದರು ಹಾಲ್ವರ್ಸನ್.
ಸೋತೆವು, ಮೂರಕ್ಕೆ ಮೂರೂ ಸೆಟ್ಟು.
ನಾನು ತೆಗೆದ ನಲವತ್ತರಲ್ಲಿ ಒಂದರಲ್ಲೂ ಚೆಂಡಿಲ್ಲ.

ಮೇ ತಿಂಗಳ ಸಂಚಿಕೆಯಲ್ಲಿ ಒಂದೇ ಒಂದು ಅಚ್ಚಾಗಿದೆ:
ಮೂಲೆಯಲ್ಲಿ ನನ್ನ ಹೆಬ್ಬೆರಳು, ಮಸುಕು ಮಸುಕು ಬೆಂಚು,
ಆರು ಜೊತೆ ಮೊಣಕಾಲು.
ಆರಿಸಿದ್ದು ಅವಳೇ ಅಂತೆ.
ಕೆಳಗೆ ಹೆಸರುಗಳು, ಎಡದಿಂದ ಬಲಕ್ಕೆ, ಆರೂ.
ಒಂದೇ ಒಂದು ಸ್ಪಷ್ಟ ಬಂದಿದೆ ಇಡೀ ಚಿತ್ರದಲ್ಲಿ:
ಬಿಚ್ಚಿಕೊಂಡ ಬೂಟಿನ ದಾರ.