ನಲ್ಲಿಯ ಸರದಿ

ಸಿದ್ದಾಪುರದಾಚೆ, ಮೆಣಸಿನ ಬಳ್ಳಿ ಹೊತ್ತ ಸಿಲ್ವರ್ ಓಕುಗಳು ಮುಗಿಯುವಲ್ಲಿ
ಇಪ್ಪತ್ತೆರಡು ಬಾಗಿಲಿನ ಲೈನ್ ಮನೆ.
ಅಲ್ಲಿ ನಾನು ನಾಯಿಯಾದೆ.

ತಡವಾಗಿ ಬಂದವನಿಗೆ ಉಳಿದ ಪಾತ್ರ ಅದು.
ಫೌಜಿಯಾ ಡಾಕ್ಟರು, ಮೊಣ್ಣಪ್ಪ ಕಚ್ಚಿಸಿಕೊಂಡವನು,
ಕಾಲೇಜಿನ ಬಿಳಿ ಕೋಟು ಕಳಚಿ
ನಾನು ನಾಲ್ಕು ಕಾಲಲ್ಲಿ,
ಬಾಯಿತುಂಬ ಟೂತ್‌ಪೇಸ್ಟಿನ ನೊರೆ.

ಮಕ್ಕಳು ಬಿದ್ದು ಬಿದ್ದು ನಕ್ಕರು.
ಅಸ್ಸಾಮಿನಿಂದ ಬಂದ ಹೆಂಗಸರು ಸೆರಗು ಕಚ್ಚಿ ನಕ್ಕರು,
ಹಾಜರಿ ಪುಸ್ತಕ ಕಂಕುಳಲ್ಲಿಟ್ಟ ರೈಟರೂ ನಕ್ಕ.
ನಿಜದ ನಾಯಿಗಳು ಐದಾರು
ಕಾಫಿ ಗಿಡದ ಬುಡದಿಂದ ನನ್ನ ನೋಡಿ,
ನಾಚಿಕೆಯಾಯಿತೋ ಏನೋ, ಮುಖ ತಿರುಗಿಸಿದವು.

ನಗದವಳು ಒಬ್ಬಳೇ, ಎರವರ ಚೀರಿ.
"ಹಂಗಲ್ಲ" ಅಂದಳು.
"ನೊರೆ ಆಮೇಲೆ. ಮೊದಲು ಸುಮ್ಮನಿರ್ತದೆ.
ಕರೆದರೆ ಬರಲ್ಲ, ಕತ್ತಲೆ ಹುಡುಕ್ತದೆ.
ನನ್ನ ತಮ್ಮನೂ ಎರಡು ದಿನ ಹಂಗೇ ಇದ್ದ.
ಮೂರನೇ ದಿನ ನೀರು ಕೊಟ್ಟೆ,
ಲೋಟವನ್ನು ಹಾವು ಕಂಡಂಗೆ ಕಂಡ."

ಪುದೀನ ವಾಸನೆಯ ನೊರೆ ನನ್ನ ತುಟಿಯಲ್ಲೇ ಒಣಗಿತು.
ಹತ್ತು ಅಂಕಕ್ಕೆ ನಾನು ಮೂರು ಪುಟ ಬರೆದಿದ್ದೆ ಇದನ್ನು.

ಫೌಜಿಯಾ ಚಾರ್ಟು ಬಿಚ್ಚಿದಳು.
ಅರಿಶಿನ ಬೇಡ, ಸುಣ್ಣ ಬೇಡ, ಖಾರದ ಪುಡಿ ಬೇಡವೇ ಬೇಡ.
ನೂಲು ಕಟ್ಟಿಸಿಕೊಂಡರೂ ಸೂಜಿ ತಪ್ಪಿಸಬೇಡಿ.
ಸಾಬೂನು, ಹರಿಯುವ ನೀರು, ಹದಿನೈದು ನಿಮಿಷ,
ಆಮೇಲೆ ಆಸ್ಪತ್ರೆ, ಆವತ್ತೇ.
ಮರಿ ಕಚ್ಚಿದರೂ, ಸಾಕಿದ್ದೇ ಪರಚಿದರೂ.
ಅಸ್ಸಾಮಿನವರಿಗೆ ಏಳನೇ ಕ್ಲಾಸಿನ ರಫಿಕುಲ್ ಅವರ ಮಾತಲ್ಲಿ ಹೇಳಿದ;
ನಡುವೆ ಏನು ಸೇರಿಸಿದನೋ,
ಎಲ್ಲರೂ ನನ್ನ ಕಡೆ ನೋಡಿದರು.

"ಹದಿನೈದು ನಿಮಿಷ?" ಮತ್ತೆ ಚೀರಿ.
ನಲ್ಲಿಯತ್ತ ಕೈ ಚಾಚಿದಳು.
ಇಪ್ಪತ್ತೆರಡು ಮನೆಗೆ ಒಂದು.
ಸಂಜೆ ಐದಕ್ಕೆ ಬಂದರೆ ಅರ್ಧ ಗಂಟೆ,
ಮನೆಗೆರಡು ಕೊಡ, ಕೊಡಕ್ಕೊಂದು ಜಗಳ.
"ಯಾರು ಬಿಡ್ತಾರೆ ನಮಗೆ ಹದಿನೈದು ನಿಮಿಷ?"

ಚಾರ್ಟಿನಲ್ಲಿ ಇದಕ್ಕೆ ಚಿತ್ರವಿರಲಿಲ್ಲ.
ಫೌಜಿಯಾ ನನ್ನ ನೋಡಿದಳು, ನಾನು ಮೊಣ್ಣಪ್ಪನ,
ಮೊಣ್ಣಪ್ಪ ಮರದ ತುದಿಯ.

ಆ ರಾತ್ರಿ ಫೋನಿನಲ್ಲಿ ದೇಶದೇಶದ ವಿದ್ಯಾರ್ಥಿಗಳು,
ಮಲಾವಿಯವಳ ಚಾರ್ಟಿನಲ್ಲೂ ಅದೇ ಸಾಬೂನು, ಅದೇ ಹದಿನೈದು.
ಕೇಳಿದೆ: ನಿಮ್ಮ ಹಳ್ಳಿಯಲ್ಲಿ ನಲ್ಲಿ?
ಬಾವಿ, ಅಂತ ಬಂತು. ಎರಡು ಮೈಲಿ.
ಮನಿಲಾದವನೊಬ್ಬ ನಗುವ ಮುಖ ಹಾಕಿ
ಆಮೇಲೆ ಅಳಿಸಿದ.

ಮೂರನೇ ದಿನ ಐಸ್ ಡಬ್ಬಿ ಹೊತ್ತು ಹೋದೆವು.
ಅಕ್ಕಿ ರೊಟ್ಟಿಯ ಆಸೆ ತೋರಿಸಿ, ಗೋಣಿ ಬೀಸಿ,
ಎಪ್ಪತ್ತೊಂದು ನಾಯಿಗೆ ಲಸಿಕೆ, ಕೊರಳಿಗೆ ಕೆಂಪು ದಾರ.
ಎಪ್ಪತ್ತೆರಡನೆಯದು ಜೀಪಿನಡಿಯ ಮರಿ.
ಅದು ಕೈಗೆ ಸಿಗದೆ
ರಫಿಕುಲನ ತಂಗಿ ಜೆಸ್ಮಿನಾಳ ಮೀನಖಂಡಕ್ಕೆ ಬಾಯಿ ಹಾಕಿ
ಆನೆ ಕಂದಕದತ್ತ ಓಡಿತು.

ಐದೂ ಹತ್ತು. ನಲ್ಲಿಯಲ್ಲಿ ಸಾಲು.
ಚೀರಿ ತನ್ನ ಕೊಡವನ್ನು ಕಾಲಲ್ಲಿ ಸರಿಸಿ
ಹುಡುಗಿಯ ರಟ್ಟೆ ಹಿಡಿದೆಳೆದು
ಕಾಲನ್ನು ಧಾರೆಯ ಕೆಳಗಿಟ್ಟಳು.
"ಗಡಿಯಾರ ನಿಂದು. ಎಣಿಸು."

ನಾಲ್ಕನೇ ನಿಮಿಷ ಯಾರೋ ಗೊಣಗಿದರು.
ಆರಕ್ಕೆ ಒಂದು ಕೊಡ ಮುಂದೆ ಬಂತು,
ಇನ್ಯಾರದೋ ಕೈ ಅದನ್ನು ಹಿಂದೆಳೆಯಿತು.
ಒಂಬತ್ತಕ್ಕೆ ಹುಡುಗಿ ಅಳು ಮರೆತು
ಸಾಬೂನಿನ ಗುಳ್ಳೆ ಊದತೊಡಗಿದಳು.
ಹದಿನೈದಕ್ಕೆ ನಾನು "ಸಾಕು" ಅಂದೆ.
"ಇನ್ನೊಂದು ಇರಲಿ" ಅಂದಳು ಚೀರಿ,
"ನಿನ್ನ ಗಡಿಯಾರ ಮುಂದಿದ್ದರೆ?"

ನಾವು ಜೀಪು ಹತ್ತುವಾಗ
ನಲ್ಲಿ ಎರಡು ಸಲ ಗಾಳಿ ಉಗುಳಿ ನಿಂತಿತು.
ಎಷ್ಟು ಕೊಡ ಖಾಲಿ ಉಳಿದವೋ,
ಎಣಿಸುವ ಧೈರ್ಯ ನನಗಾಗಲಿಲ್ಲ.

ಆಸ್ಪತ್ರೆಯ ದಾರಿಯಲ್ಲಿ ಜೆಸ್ಮಿನಾ ನೀರು ಕೇಳಿದಳು.
ಬಾಟಲಿ ಕೊಟ್ಟೆ.
ಇಷ್ಟು ಬೇಗ ಏನೂ ಆಗದು, ಗೊತ್ತು, ಪುಸ್ತಕದಲ್ಲಿದೆ.
ಆದರೂ ಆ ಪುಟ್ಟ ಗಂಟಲು ಏರಿ, ಇಳಿದು,
ಮತ್ತೆ ಏರುವುದನ್ನು
ಮೂವರೂ ಉಸಿರು ಬಿಡದೆ ನೋಡಿದೆವು.